ಮೆಡಿಕಲ್ ಸೀಟಿಗಾಗಿ ಯಾವ ಮಾಸ್ಟರ್ಸ್? ಒಹಾಯೊದ ಒಂದು ಮನೆಯ ಪ್ರಕರಣ

2024ರ ಯುಗಾದಿ ಮುಗಿದ ವಾರ ಒಂದು ಸಂಜೆ ಫೋನ್ ಬಂತು. ಅವರು ಹಾಸನದ ಕಡೆಯವರು, ಇಪ್ಪತ್ತು ವರ್ಷದಿಂದ ಒಹಾಯೊದಲ್ಲಿದ್ದಾರೆ. "ಅಕ್ಕಾ, ನಮ್ಮೋಳಿಗೆ ಮೆಡಿಕಲ್ ಎಲ್ಲೂ ಸಿಗ್ಲಿಲ್ಲ. ಈಗ ನಾಲ್ಕು ಕಡೆ ಮಾಸ್ಟರ್ಸ್‌ಗೆ ಕರೆದಿದ್ದಾರೆ. ಯಾವುದಕ್ಕೆ ಸೇರಿದ್ರೆ ಡಾಕ್ಟರ್ ಆಗ್ತಾಳೆ ಹೇಳಿ."

ಮೇ 1ರೊಳಗೆ ಮುಂಗಡ ಕಟ್ಟಿ ಸೀಟು ಹಿಡಿಯಬೇಕಿತ್ತು. ಮೂರು ವಾರವೂ ಇರಲಿಲ್ಲ.

ನಾನು ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸೀಟು ಕೊಡುವ ಸಮಿತಿಯಲ್ಲಿ ನಾನಿಲ್ಲ. ಆದರೆ ಮೆಡಿಕಲ್‌ಗೆ ಸೇರಲಾಗದೆ, ಇನ್ನೊಂದು ಡಿಗ್ರಿ ಮಾಡಿಕೊಂಡು ಮತ್ತೆ ಬಾಗಿಲು ತಟ್ಟುವ ಮಕ್ಕಳು ಪ್ರತಿ ವರ್ಷ ನನ್ನ ತರಗತಿಯಲ್ಲಿ ಕೂರುತ್ತಾರೆ. ಯಾರಿಗೆ ಅದು ನೆರವಾಯಿತು, ಯಾರಿಗೆ ಸುಮ್ನೆ ಸಾಲ ಮಾತ್ರ ಉಳಿಯಿತು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಈ ಹುಡುಗಿಯ ಪ್ರಕರಣವನ್ನು ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕಾಲೇಜುಗಳ ಹೆಸರನ್ನೂ ಹೇಳುವುದಿಲ್ಲ. ಇದೇ ಪ್ರಶ್ನೆ ಹಿಡಿದು ಕೂತಿರುವ ಕನ್ನಡದ ಮನೆಗಳು ಅಮೆರಿಕದಲ್ಲಿ ಸಾಕಷ್ಟಿವೆ.

ಊರಿನಲ್ಲಿರುವ ಓದುಗರಿಗೆ ಮೊದಲು ಒಂದು ಮಾತು. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದರೆ 720ಕ್ಕೆ ಇಷ್ಟು ಅಂತ ಒಂದು ಅಂಕ ಬರುತ್ತದೆ, ಒಂದು ರ‍್ಯಾಂಕ್ ಬರುತ್ತದೆ. ಆಮೇಲೆ ಕೆಇಎ ಕೌನ್ಸೆಲಿಂಗ್. ರ‍್ಯಾಂಕ್ ಇದ್ದರೆ ಸೀಟು, ಇಲ್ಲದಿದ್ದರೆ ಇಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿದ ಮೇಲೆಯೇ ಮೆಡಿಕಲ್. ಆ ನಾಲ್ಕು ವರ್ಷದ ಸರಾಸರಿ ಅಂಕ, ಅಂದರೆ ಜಿಪಿಎ, 4ಕ್ಕೆ ಲೆಕ್ಕ. ಎಮ್‌ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ 472ರಿಂದ 528ರವರೆಗೆ. ಇವುಗಳ ಮೇಲೆ ಆಸ್ಪತ್ರೆಯಲ್ಲಿ ಕಳೆದ ಗಂಟೆಗಳು, ಸಂಶೋಧನೆ, ಪ್ರಬಂಧಗಳು, ಶಿಫಾರಸು ಪತ್ರಗಳು, ಸಂದರ್ಶನ. ಒಂದು ವರ್ಷದಲ್ಲಿ ಸುಮಾರು 52 ಸಾವಿರ ಜನ ಎಂಡಿ ಕಾಲೇಜುಗಳಿಗೆ ಅರ್ಜಿ ಹಾಕಿದರೆ ಸುಮಾರು 23 ಸಾವಿರ ಜನ ಸೇರುತ್ತಾರೆ. ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ, ಎಮ್‌ಕ್ಯಾಟ್ 511ರಿಂದ 512ರ ನಡುವೆ. ಇಲ್ಲಿ ಎಂಡಿ ಅಂದರೆ ನಮ್ಮ ಎಂಬಿಬಿಎಸ್‌ನ ಜಾಗದಲ್ಲಿರುವ ಡಿಗ್ರಿ. ಎಂಬಿಬಿಎಸ್ ಆದ ಮೇಲೆ ಮಾಡುವ ನಮ್ಮ ಎಂಡಿ ಅಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನೀಟ್ ಕಂಡ ಕಣ್ಣಿನಿಂದ ಈ ವ್ಯವಸ್ಥೆಯನ್ನು ನೋಡಿದಾಗ ತಂದೆ ತಾಯಿಗೆ ಒಂದೇ ಯೋಚನೆ ಬರುತ್ತದೆ. ಅಂಕ ಕಡಿಮೆ ಆಯಿತಾ, ಇನ್ನೊಂದು ದೊಡ್ಡ ಡಿಗ್ರಿ ಸೇರಿಸಿಬಿಡೋಣ. ತೂಕ ಜಾಸ್ತಿ ಆಗುತ್ತದೆ, ಅಲ್ವಾ? ಆಗುವುದಿಲ್ಲ. ಅದು ಆಗುವುದು ಎಲ್ಲಿ ಕೊರತೆ ಇದೆಯೋ ಅಲ್ಲಿಗೇ ಆ ಡಿಗ್ರಿ ಹೋಗಿ ಕೂತರೆ ಮಾತ್ರ.

ಮೇಜಿನ ಮೇಲಿದ್ದದ್ದು

ಶನಿವಾರ ಅವರ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಪತ್ರ ಹರಡಿದ್ದರು.

ಮೊದಲನೆಯದು ದೇಶಕ್ಕೆಲ್ಲ ಗೊತ್ತಿರುವ ಒಂದು ವಿಶ್ವವಿದ್ಯಾಲಯದ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್. ಎರಡು ವರ್ಷ. ಊಟ, ಬಾಡಿಗೆ ಎಲ್ಲ ಸೇರಿ 1 ಲಕ್ಷ 20 ಸಾವಿರ ಡಾಲರ್. ಎರಡನೆಯದು ಪೂರ್ವದ ದೊಡ್ಡ ನಗರವೊಂದರ ಎಸ್‌ಎಂಪಿ, ಅಂದರೆ ಮೆಡಿಕಲ್‌ಗೆ ಸೇರಬಯಸುವವರಿಗೆಂದೇ ಇರುವ ಮಾಸ್ಟರ್ಸ್. ಒಂದು ವರ್ಷ, ಖರ್ಚು 75 ಸಾವಿರ. ಮೂರನೆಯದೂ ಎಸ್‌ಎಂಪಿಯೇ. ಆದರೆ ಮನೆಯಿಂದ ಎರಡು ಗಂಟೆ ಕಾರಿನ ದಾರಿಯ ಒಂದು ಮೆಡಿಕಲ್ ಕಾಲೇಜಿನದು, ಖರ್ಚು 56 ಸಾವಿರ. ನಾಲ್ಕನೆಯದು ಜೀವಶಾಸ್ತ್ರದಲ್ಲಿ ಎಂಎಸ್. ಫೀಸು ಮಾಫಿ, ಪಾಠ ಹೇಳಿಕೊಡುವ ಕೆಲಸಕ್ಕೆ ತಿಂಗಳ ಸಂಬಳ ಬೇರೆ. ಪತ್ರವಿಲ್ಲದ ಐದನೆಯ ದಾರಿಯೂ ಇತ್ತು. ಯಾವ ಡಿಗ್ರಿಗೂ ಸೇರದೆ, ಮನೆಯಲ್ಲೇ ಇದ್ದು, ಹತ್ತಿರದ ಸರಕಾರಿ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಷ್ಟದ ವಿಜ್ಞಾನ ವಿಷಯಗಳನ್ನು ಬಿಡಿಬಿಡಿಯಾಗಿ ಓದುವುದು. ಇದಕ್ಕೆ ಪೋಸ್ಟ್‌ಬ್ಯಾಕ್ ಅನ್ನುತ್ತಾರೆ. ಖರ್ಚು 14–15 ಸಾವಿರ.

ಅಪ್ಪನ ಬೆರಳು ಮೊದಲನೆಯ ಪತ್ರದ ಮೇಲಿತ್ತು. "ಈ ಯೂನಿವರ್ಸಿಟಿ ಹೆಸರು ನಮ್ಮ ಹಾಸನದಲ್ಲೂ ಗೊತ್ತು ಅಕ್ಕಾ. ಇಲ್ಲಿ ಮಾಸ್ಟರ್ಸ್ ಮಾಡಿದೋಳನ್ನ ಬೇಡ ಅಂತಾರಾ?" ಅಮ್ಮನಿಗೆ ಐದನೆಯ ದಾರಿಯೇ ಸರಿ ಅನಿಸಿತ್ತು. ಮಗಳು ಮನೆಯಲ್ಲೇ ಇರುತ್ತಾಳೆ, ದುಡ್ಡೂ ಉಳಿಯುತ್ತದೆ. ಹುಡುಗಿ ಏನೂ ಹೇಳಲಿಲ್ಲ. ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಕೂತಿದ್ದಳು.

ನಾನು ಪತ್ರಗಳನ್ನು ಪಕ್ಕಕ್ಕಿಟ್ಟು, ಅವಳ ನಾಲ್ಕು ವರ್ಷದ ಅಂಕಪಟ್ಟಿ ಮತ್ತು ಹಿಂದಿನ ವರ್ಷದ ಅರ್ಜಿ ತೋರಿಸು ಅಂದೆ. ನಾನು ಹೆಂಚಿನ ಮನೆಯಲ್ಲಿ ಬೆಳೆದವಳು. ಮಳೆಗಾಲಕ್ಕೆ ಮುಂಚೆ ಅಪ್ಪ ಮಾಡಿನ ಮೇಲೆ ಹತ್ತುವ ಮೊದಲು, ನಡುಹಗಲಲ್ಲಿ ಒಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದರು. ಎಲ್ಲಿ ಬಿಸಿಲ ಚುಕ್ಕೆ ಬೀಳುತ್ತದೋ ಅಲ್ಲಿನ ಹೆಂಚು ಒಡೆದಿದೆ ಅಂತ ಗೊತ್ತಾಗುತ್ತಿತ್ತು. ಹೆಂಚು ತರುವುದು ಆಮೇಲಿನ ಕೆಲಸ.

ಅಂಕಪಟ್ಟಿಯನ್ನು ಸಾಲುಸಾಲಾಗಿ ಓದಿದಾಗ

ಒಟ್ಟು 124 ಕ್ರೆಡಿಟ್, ಅಂದರೆ ಓದಿದ ವಿಷಯಗಳ ತೂಕದ ಲೆಕ್ಕ. ಜಿಪಿಎ 3.24. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಮಾತ್ರ ಲೆಕ್ಕ ಹಾಕಿದರೆ 68 ಕ್ರೆಡಿಟ್‌ಗೆ 3.05. ಎಮ್‌ಕ್ಯಾಟ್ 509, 2023ರ ಜೂನ್‌ನಲ್ಲಿ ಬರೆದದ್ದು. ನಾಲ್ಕು ಭಾಗಗಳಲ್ಲಿ 127, 126, 128, 128. ಎಲ್ಲೂ ಗುಂಡಿ ಬಿದ್ದಿಲ್ಲ. ಈ ಅಂಕ ಬಂದವಳಿಗೆ ವಿಜ್ಞಾನ ಅರ್ಥವಾಗುವುದಿಲ್ಲ ಅಂತ ಯಾರೂ ಹೇಳಲಾರರು.

ವರ್ಷದ ಲೆಕ್ಕ ಹೀಗಿತ್ತು. ಮೊದಲ ವರ್ಷ 2.9, ಎರಡನೆಯದು 2.7, ಮೂರನೆಯದು 3.45, ಕೊನೆಯ ವರ್ಷ 3.9. ಏರುತ್ತಾ ಹೋಗಿದೆ. ಪ್ರವೇಶ ಸಮಿತಿಗಳು ಇಂಥ ಏರಿಕೆಯನ್ನು ಗಮನಿಸುತ್ತವೆ. ಮನೆಯವರೂ ಅದನ್ನೇ ನಂಬಿಕೊಂಡಿದ್ದರು. ಕೊನೆಗೆ 3.9 ತೆಗೆದಿದ್ದಾಳಲ್ಲ, ಇನ್ನೇನು ಬೇಕು?

ಆದರೆ ಕೊನೆಯ ವರ್ಷದ ವಿಷಯಗಳನ್ನು ಒಂದೊಂದಾಗಿ ಓದಿದೆ. ಮನೋವಿಜ್ಞಾನ, ಸಮಾಜಶಾಸ್ತ್ರ, ಆರೋಗ್ಯ ಮತ್ತು ಸಂಸ್ಕೃತಿ, ಲ್ಯಾಬ್ ಸಹಾಯಕಿಯ ಕ್ರೆಡಿಟ್, ಸಂಖ್ಯಾಶಾಸ್ತ್ರ. ಕಷ್ಟದ ವಿಜ್ಞಾನ ಅಂತ ಇದ್ದದ್ದು ಒಂದೇ, ಸೆಲ್ ಬಯಾಲಜಿ. ಅದರಲ್ಲಿ ಎ ಮೈನಸ್. ಮೂರನೇ ವರ್ಷದಲ್ಲಿ ಬಯೋಕೆಮಿಸ್ಟ್ರಿ ಬಿ, ಫಿಸಿಯಾಲಜಿ ಬಿ ಪ್ಲಸ್. ಎರಡನೇ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್ ಮತ್ತು ಸಿ, ಫಿಸಿಕ್ಸ್‌ನಲ್ಲಿ ಸಿ ಪ್ಲಸ್.

ಬಿಸಿಲ ಚುಕ್ಕೆ ಬಿದ್ದದ್ದು ಇಲ್ಲಿ. ಈ ಹುಡುಗಿ ಒಂದೇ ಸೆಮಿಸ್ಟರಿನಲ್ಲಿ ನಾಲ್ಕೈದು ಕಷ್ಟದ ವಿಜ್ಞಾನ ವಿಷಯ ಒಟ್ಟಿಗೆ ಎತ್ತಿಕೊಂಡು ಚೆನ್ನಾಗಿ ಮುಗಿಸಿದ್ದಕ್ಕೆ ಇಡೀ ಪಟ್ಟಿಯಲ್ಲಿ ಒಂದು ಸಾಕ್ಷಿಯೂ ಇರಲಿಲ್ಲ. ಮೆಡಿಕಲ್ ಕಾಲೇಜಿನ ಮೊದಲ ವರ್ಷ ಅಂದರೆ ಅದೇ. ಅರ್ಜಿ ಓದುವವರ ಮನಸ್ಸಿನಲ್ಲಿ ಏಳುವ ಅನುಮಾನವೂ ಅದೇ.

"ಮೊದಲ ಎರಡು ವರ್ಷ ಏನಾಯ್ತು ಪುಟ್ಟಿ?" ಅಂತ ಕೇಳಿದೆ. ಅಮ್ಮ ಅಪ್ಪ ಇಬ್ಬರೂ ಸುಮ್ಮನಾದರು. ಹುಡುಗಿಯೇ ಹೇಳಿದಳು. 2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಮುಚ್ಚಿ ಮನೆಗೆ ಬಂದಳು. ಸೆಪ್ಟೆಂಬರಿನಲ್ಲಿ ಅಜ್ಜಿಗೆ ಪಾರ್ಶ್ವವಾಯು ಆಯಿತು. ಆ ವರ್ಷ ಹೊರಗಿನಿಂದ ಯಾರನ್ನೂ ನೋಡಿಕೊಳ್ಳಲು ಕರೆಯುವಂತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆಯಿಂದ ರಾತ್ರಿವರೆಗೆ ಲ್ಯಾಪ್‌ಟಾಪ್ ಮುಂದೆ. ಅಜ್ಜಿಯನ್ನು ಎಬ್ಬಿಸುವುದು, ಊಟ ಮಾಡಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು ಎಲ್ಲ ಇವಳ ಪಾಲಿಗೆ ಬಂತು. ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಅಜ್ಜಿಯ ಮಂಚದ ಪಕ್ಕ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದ್ದಳು. ಇನ್ನೊಂದು ಕಿವಿ ಅಜ್ಜಿಗೆ.

"ಇದನ್ನು ಅರ್ಜಿಯಲ್ಲಿ ಬರೆದೆಯಾ?"

"ಇಲ್ಲ ಆಂಟಿ. ನೆಪ ಹೇಳಿದ ಹಾಗೆ ಆಗುತ್ತೆ ಅನ್ನಿಸ್ತು."

ನನಗೆ ಸಂಕಟವಾಯಿತು. ಡಾಕ್ಟರ್ ಆಗಬೇಕು ಅನ್ನುವವಳು ಒಂದು ವರ್ಷ ಕಾಯಿಲೆಯವರ ಆರೈಕೆ ಮಾಡಿದ್ದನ್ನು ಬರೆಯಲೇ ಇಲ್ಲ!

ಹಿಂದಿನ ಅರ್ಜಿ ಸೋತದ್ದು ಅಂಕದಿಂದ ಮಾತ್ರವಲ್ಲ

ಹಳೆಯ ಅರ್ಜಿ ತೆರೆದಾಗ ಇನ್ನಷ್ಟು ಕಂಡಿತು. ಎಂಡಿ ಕಾಲೇಜುಗಳ ಅರ್ಜಿಗಳು ಬಹುಪಾಲು ಆಮ್‌ಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಹೋಗುತ್ತವೆ. ಮೇ ಕೊನೆ, ಜೂನ್ ಮೊದಲ ವಾರದಿಂದ ಅರ್ಜಿ ಸಲ್ಲಿಸಬಹುದು. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೇ ಓದಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ. ತಡವಾಗಿ ಬಂದವರಿಗೆ ಉಳಿಯುವ ಜಾಗ ಕಡಿಮೆ. ಇವಳು ಎಮ್‌ಕ್ಯಾಟ್ ಫಲಿತಾಂಶ ಬರಲಿ ಅಂತ ಕಾದು, ಆಗಸ್ಟ್‌ನಲ್ಲಿ ಸಲ್ಲಿಸಿದ್ದಳು. ಕಾಲೇಜುಗಳು ಕೇಳುವ ಎರಡನೇ ಸುತ್ತಿನ ಪ್ರಬಂಧಗಳು ಮುಗಿದದ್ದು ಅಕ್ಟೋಬರ್‌ನಲ್ಲಿ.

ಹದಿನಾಲ್ಕು ಕಾಲೇಜಿಗೆ ಅರ್ಜಿ ಹಾಕಿದ್ದಳು. ಹೆಚ್ಚಿನವು ದೊಡ್ಡ ಹೆಸರಿನವು. ಒಹಾಯೊದ ನಿವಾಸಿಗೆ ಒಹಾಯೊದ ಸರಕಾರಿ ಕಾಲೇಜುಗಳಲ್ಲಿ ಸ್ವಲ್ಪ ಅನುಕೂಲ ಇರುತ್ತದೆ. ಇವಳು ಟೊಲೆಡೊ, ರೈಟ್ ಸ್ಟೇಟ್, ನಿಯೋಮೆಡ್ ಮೂರಕ್ಕೂ ಅರ್ಜಿಯನ್ನೇ ಹಾಕಿರಲಿಲ್ಲ. ಡಿಓ ಕಾಲೇಜು ಒಂದೂ ಇರಲಿಲ್ಲ.

ಡಿಓ ಎಂಬ ಮಾತು ಬಂದ ಕೂಡಲೇ ಅಪ್ಪ ಅಂದರು, "ಅದು ಹೋಮಿಯೋಪತಿ ಥರ ಅಲ್ವಾ?" ಅಲ್ಲ. ಆಸ್ಟಿಯೋಪತಿಕ್ ಮೆಡಿಸಿನ್ ಓದಿದ ಡಿಓ ಡಾಕ್ಟರುಗಳು ಅಮೆರಿಕದ 50 ರಾಜ್ಯಗಳಲ್ಲೂ ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. 2020ರಿಂದ ಎಂಡಿ, ಡಿಓ ಇಬ್ಬರಿಗೂ ರೆಸಿಡೆನ್ಸಿಗೆ, ಅಂದರೆ ಡಿಗ್ರಿಯ ನಂತರದ ಆಸ್ಪತ್ರೆ ತರಬೇತಿಗೆ, ಸೀಟು ಹಂಚುವ ಮ್ಯಾಚ್ ಒಂದೇ. ಡಿಓಗೆ ಸೇರುವವರ ಸರಾಸರಿ ಅಂಕಗಳು ಎಂಡಿಗಿಂತ ಸ್ವಲ್ಪ ಕೆಳಗಿರುತ್ತವೆ. ಅವಳ 509 ಆ ಸರಾಸರಿಗಿಂತ ಮೇಲೆಯೇ ಇತ್ತು. ನಮ್ಮ ಜನರಲ್ಲಿ ಈ ಎರಡಕ್ಷರದ ಬಗ್ಗೆ ಇರುವ ತಾತ್ಸಾರದಿಂದ ಎಷ್ಟು ಮಕ್ಕಳು ವರ್ಷಗಳನ್ನು ಕಳೆದುಕೊಂಡಿದ್ದಾರೆ ಎಂಬುದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಅರ್ಜಿ ತಡವಾದದ್ದು, ಕಾಲೇಜುಗಳ ಪಟ್ಟಿ ತಪ್ಪಿದ್ದು, ಅಜ್ಜಿಯ ವಿಷಯ ಬರೆಯದೇ ಹೋದದ್ದು, ಈ ಮೂರನ್ನೂ ಯಾವ ಮಾಸ್ಟರ್ಸ್ ಡಿಗ್ರಿಯೂ ಸರಿಮಾಡುವುದಿಲ್ಲ. ಇವು ದುಡ್ಡಿಲ್ಲದೆ ಸರಿಯಾಗುವಂಥವು. ಡಿಗ್ರಿಯಿಂದ ಆಗಬೇಕಾದ ಕೆಲಸ ಒಂದೇ ಉಳಿಯಿತು. ಕಷ್ಟದ ವಿಜ್ಞಾನವನ್ನು ಮೂಟೆಗಟ್ಟಲೆ ಹೊರಬಲ್ಲಳು ಅಂತ ತೋರಿಸುವುದು.

ಪತ್ರಗಳಿಗೆ ವಾಪಸ್

ಈಗ ಎಂಪಿಎಚ್ ಪತ್ರ ಕೈಗೆತ್ತಿಕೊಂಡೆ. ಸಾಂಕ್ರಾಮಿಕ ರೋಗಗಳ ಲೆಕ್ಕಾಚಾರ, ಬಯೋಸ್ಟ್ಯಾಟಿಸ್ಟಿಕ್ಸ್, ಆರೋಗ್ಯ ನೀತಿ. ಒಳ್ಳೆಯ ಓದು. ಊರಿನ ನೀರು, ಲಸಿಕೆ, ತಾಯಂದಿರ ಸಾವು, ಇಂಥದ್ದರ ಮೇಲೆ ಜೀವನವಿಡೀ ಕೆಲಸ ಮಾಡಬೇಕು ಅನ್ನುವವರಿಗೆ ಅದು ಬೇಕೇ ಬೇಕು. ಆದರೆ ಇವಳ ಅರ್ಜಿಯ ಮೇಲಿರುವ ಅನುಮಾನ ಫಿಸಿಯಾಲಜಿ, ಬಯೋಕೆಮಿಸ್ಟ್ರಿಯದು. ಎಂಪಿಎಚ್‌ನಲ್ಲಿ ಎಲ್ಲದರಲ್ಲೂ ಎ ಬಂದರೂ ಆ ಅನುಮಾನ ಇದ್ದಲ್ಲೇ ಇರುತ್ತದೆ. ಇನ್ನೊಂದು ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ಆಮ್‌ಕ್ಯಾಸ್‌ನಲ್ಲಿ ಮಾಸ್ಟರ್ಸ್ ಅಂಕ ಬೇರೆ ಸಾಲಿನಲ್ಲಿ ಕೂರುತ್ತದೆ. ಡಿಗ್ರಿಯ 3.24ಕ್ಕೆ ಅದು ಸೇರುವುದೇ ಇಲ್ಲ. "ಹಾಗಾದ್ರೆ 3.24 ಮೇಲೆ ಹೋಗೋದೇ ಇಲ್ವಾ?" ಅಂದರು. ಮಾಸ್ಟರ್ಸ್‌ನಿಂದ ಹೋಗುವುದಿಲ್ಲ, ಯಾವ ಮಾಸ್ಟರ್ಸ್ ಆದರೂ ಸರಿ.

ಅದರ ಮೇಲೆ ಎಮ್‌ಕ್ಯಾಟ್ ಹಳತಾಗುವ ಭಯ. ಹೆಚ್ಚಿನ ಕಾಲೇಜುಗಳು ಎರಡು ಮೂರು ವರ್ಷದೊಳಗಿನ ಅಂಕ ಮಾತ್ರ ಒಪ್ಪುತ್ತವೆ. 2024ರಲ್ಲಿ ಎಂಪಿಎಚ್ ಸೇರಿ 2026ರಲ್ಲಿ ಮುಗಿಸಿ ಅರ್ಜಿ ಹಾಕಿದರೆ, 2023ರ ಜೂನ್‌ನ 509 ಅನೇಕ ಕಡೆ ನಡೆಯುವುದಿಲ್ಲ. ಏಳೂವರೆ ಗಂಟೆಯ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಬೇಕು. ಇದೇ ಕಾರಣಕ್ಕೆ ಜೀವಶಾಸ್ತ್ರದ ಎಂಎಸ್ ಕೂಡ ಹೊರಗೆ ಹೋಯಿತು. ಸಂಶೋಧನೆಯ ಡಿಗ್ರಿಯಲ್ಲಿ ಪ್ರಯೋಗ ಮುಗಿದಾಗಲೇ ಡಿಗ್ರಿ ಮುಗಿಯುವುದು, ಎರಡು ವರ್ಷ ಅಂದದ್ದು ಮೂರೂ ಆಗಬಹುದು. ಸೇರಿದ ಡಿಗ್ರಿ ಪೂರ್ತಿ ಮುಗಿಸಿಯೇ ಬಾ ಅಂತ ಅನೇಕ ಮೆಡಿಕಲ್ ಕಾಲೇಜುಗಳು ಹೇಳುತ್ತವೆ. ನಡುವೆ ಬಿಡಲಿಕ್ಕಾಗುವುದಿಲ್ಲ.

ಉಳಿದದ್ದು ಎರಡು ಎಸ್‌ಎಂಪಿ ಮತ್ತು ಮನೆಯ ದಾರಿ.

ಎಸ್‌ಎಂಪಿ ಅಂದರೆ ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ 1975ರಲ್ಲಿ ಫಿಸಿಯಾಲಜಿ ವಿಭಾಗದಲ್ಲಿ ಶುರುಮಾಡಿತು. ಮೆಡಿಕಲ್‌ಗೆ ಇನ್ನೂ ಸೇರದವರನ್ನು ಮೆಡಿಕಲ್ ಮೊದಲ ವರ್ಷದ ಪಾಠಗಳಿಗೇ ಕೂರಿಸಿ, ಅವರು ತಡೆದುಕೊಳ್ಳುತ್ತಾರಾ ನೋಡುವುದು ಅದರ ತಿರುಳು. ಆಮೇಲೆ ಬಾಸ್ಟನ್ ವಿಶ್ವವಿದ್ಯಾಲಯ, ಸಿನ್ಸಿನಾಟಿ, ಕೇಸ್ ವೆಸ್ಟರ್ನ್ ಹೀಗೆ ಅನೇಕ ಕಡೆ ಬಂದವು. ಈಗ ಈ ಹೆಸರಿನಡಿ ಬಗೆಬಗೆಯ ಕೋರ್ಸುಗಳಿವೆ. ಕೆಲವು ಕಡೆ ನಿಜವಾಗಿಯೂ ಮೆಡಿಕಲ್ ವಿದ್ಯಾರ್ಥಿಗಳ ಜೊತೆ ಅದೇ ಪ್ರಶ್ನೆಪತ್ರಿಕೆ. ಇನ್ನು ಕೆಲವು ಕಡೆ "ಮೆಡಿಕಲ್‌ನಂಥ" ಪಾಠ, ಬೇರೆ ಕೋಣೆ, ಬೇರೆ ಪರೀಕ್ಷೆ.

ಅದಕ್ಕೇ ಹುಡುಗಿಯೂ ನಾನೂ ಕೂತು ಎರಡೂ ಕಡೆಗೆ ಒಂದೇ ಇಮೇಲ್ ಬರೆದೆವು. ಕಳೆದ ವರ್ಷ ಕೋರ್ಸಿಗೆ ಸೇರಿದವರು ಎಷ್ಟು ಜನ, ಅವರಲ್ಲಿ ಮೆಡಿಕಲ್ ಸೇರಿದವರು ಎಷ್ಟು? ಮುಗಿಸಿದವರ ಲೆಕ್ಕವಲ್ಲ, ಸೇರಿದವರ ಲೆಕ್ಕ. ಪರೀಕ್ಷೆ ಯಾರ ಜೊತೆ, ಗ್ರೇಡ್ ಯಾರ ಜೊತೆ ಹೋಲಿಸಿ? ಕೊನೆಗೆ ಶಿಫಾರಸು ಪತ್ರ ಬರೆಯುವವರು ಯಾರು, ಅವರಿಗೆ ವಿದ್ಯಾರ್ಥಿಯ ಮುಖ ಗೊತ್ತಿರುತ್ತದಾ?

ದೊಡ್ಡ ನಗರದ ಕೋರ್ಸಿನಿಂದ ಬಣ್ಣದ ಕೈಪಿಡಿ ಬಂತು. ಸೇಕಡಾ ಲೆಕ್ಕ ತುಂಬ ಚೆನ್ನಾಗಿತ್ತು. ಆದರೆ ಅದು ಒಳ್ಳೆಯ ಅಂಕದಿಂದ ಮುಗಿಸಿ, ಆಮೇಲೆ ಅರ್ಜಿಯನ್ನೂ ಹಾಕಿದವರ ಲೆಕ್ಕ. ಸೇರಿದವರಲ್ಲಿ ಎಷ್ಟು ಅಂತ ಮತ್ತೊಮ್ಮೆ ಕೇಳಿದರೆ ಉತ್ತರ ಬರಲಿಲ್ಲ. ನೂರೈವತ್ತಕ್ಕೂ ಜಾಸ್ತಿ ವಿದ್ಯಾರ್ಥಿಗಳ ತರಗತಿ ಅದು.

ಎರಡು ಗಂಟೆ ದೂರದ ಕೋರ್ಸಿನ ಮುಖ್ಯಸ್ಥೆ ಮಾರನೇ ದಿನವೇ ಫೋನ್ ಮಾಡಿದರು. ಇಪ್ಪತ್ತೆಂಟು ಜನರ ತರಗತಿ. ಯಾರು ಎಲ್ಲಿಗೆ ಹೋದರು, ಯಾರಿಗೆ ಎಲ್ಲೂ ಸಿಗಲಿಲ್ಲ, ಯಾರು ನಡುವೆ ಬಿಟ್ಟರು ಎಲ್ಲವನ್ನೂ ನೇರವಾಗಿ ಹೇಳಿದರು. ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಇಮ್ಯುನಾಲಜಿ ಮೂರೂ ಮೆಡಿಕಲ್ ವಿದ್ಯಾರ್ಥಿಗಳ ಜೊತೆ, ಅದೇ ಪರೀಕ್ಷೆ. 3.5 ದಾಟಿದರೆ ಅದೇ ಕಾಲೇಜಿನಲ್ಲಿ ಸಂದರ್ಶನ ಖಚಿತ, ಸೀಟು ಖಚಿತವಲ್ಲ. ಕೊನೆಗೆ ಅವರೇ ಒಂದು ಮಾತು ಸೇರಿಸಿದರು. ಇಲ್ಲಿ ಸಿ ಬಂದರೆ ನಿನಗೆ ಈಗಿರುವ ಬಾಗಿಲೂ ಮುಚ್ಚುತ್ತದೆ, ಯೋಚಿಸಿ ಬಾ. ಆ ಮಾತು ಕೇಳಿಯೇ ನನಗೆ ಅವರ ಮೇಲೆ ಭರವಸೆ ಬಂದದ್ದು.

ಅಮ್ಮ ಹೇಳಿದ ದಾರಿ

ನಿಜ ಹೇಳಬೇಕೆಂದರೆ, ಆ ಶನಿವಾರ ಮನೆಗೆ ಹೋಗುವಾಗ ನನ್ನ ಮನಸ್ಸಿನಲ್ಲಿದ್ದದ್ದು ಐದನೆಯ ದಾರಿಯೇ. ಸಾಮಾನ್ಯವಾಗಿ ನಾನು ಮಕ್ಕಳಿಗೆ ಹೇಳುವುದೂ ಅದನ್ನೇ. ಪೋಸ್ಟ್‌ಬ್ಯಾಕ್ ಅಂಕ ಡಿಗ್ರಿ ಜಿಪಿಎಗೇ ಸೇರುತ್ತದೆ. ಲೆಕ್ಕ ಹಾಕಿ ತೋರಿಸಿದೆ. 30 ಕ್ರೆಡಿಟ್‌ನಲ್ಲಿ ಎಲ್ಲವೂ ಎ ಬಂದರೆ 3.24 ಇದ್ದದ್ದು 3.39 ಆಗುತ್ತದೆ. ವಿಜ್ಞಾನದ 3.05 ಇದ್ದದ್ದು 3.34. ನಾಲ್ಕು ವರ್ಷದ ಮೂಟೆ ಅಷ್ಟು ಭಾರ, ಒಂದು ವರ್ಷದಲ್ಲಿ ಬೇಗ ಅಲುಗುವುದಿಲ್ಲ. ಹಳೆಯ ವಿಷಯ ಮತ್ತೆ ಓದಿದರೂ ಆಮ್‌ಕ್ಯಾಸ್ ಎರಡೂ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡಿಓ ಅರ್ಜಿಯಲ್ಲಿ ಹಳೆಯ ಅಂಕದ ಬದಲು ಹೊಸದನ್ನು ಹಿಡಿಯುವ ಪದ್ಧತಿ ಮುಂಚೆ ಇತ್ತು, 2017ರಲ್ಲಿ ಅದೂ ಹೋಯಿತು. ಆದರೂ 3.39 ಕೆಟ್ಟದ್ದಲ್ಲ, ಖರ್ಚು ಕಾಲು ಭಾಗ, ತಪ್ಪಿದರೆ ನಷ್ಟವೂ ಕಡಿಮೆ.

ಅಮ್ಮನ ಮುಖ ಅರಳಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅಜ್ಜಿ ಕೂಗಿದರು. ಅಮ್ಮ ಏಳುವ ಮುಂಚೆ ಹುಡುಗಿ ಎದ್ದಾಗಿತ್ತು. ಯಾರೂ ಹೇಳಿರಲಿಲ್ಲ. ಹೋಗಿ ಕಾಲು ನೀವಿ, ನೀರು ಕುಡಿಸಿ, ಹದಿನೈದು ನಿಮಿಷದ ಮೇಲೆ ಬಂದಳು. ನಾನು ಅಲ್ಲಿದ್ದ ಮೂರು ಗಂಟೆಯಲ್ಲಿ ಅವಳು ನಾಲ್ಕು ಸಲ ಎದ್ದು ಹೋದಳು.

ಆಗ ನನ್ನ ಅಭಿಪ್ರಾಯ ಬದಲಾಯಿತು. ಎರಡನೇ ವರ್ಷ ಹಾಳಾದದ್ದು ಇದೇ ಮನೆಯಲ್ಲಿ, ಇದೇ ಕೋಣೆಯ ಪಕ್ಕ. ಮನೆಯಲ್ಲಿದ್ದು ಓದಿದರೆ ಅವಳು ಮತ್ತೆ ಎದ್ದು ಹೋಗುತ್ತಾಳೆ. ಹೋಗಬೇಡ ಅಂತ ಹೇಳಿದರೂ ಹೋಗುತ್ತಾಳೆ, ಅವಳ ಸ್ವಭಾವವೇ ಅದು. ಲೆಕ್ಕದಲ್ಲಿ ಸರಿಯಾದ ದಾರಿ ಈ ಹುಡುಗಿಗೆ ಸರಿಯಾಗಿರಲಿಲ್ಲ.

ಇದನ್ನು ಅಮ್ಮನಿಗೆ ಹೇಳುವುದು ಸುಲಭವಿರಲಿಲ್ಲ. ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದೆ. ಮೊದಲು ನೊಂದುಕೊಂಡರು. "ನಾವೇ ಅವಳನ್ನ ಹಾಳು ಮಾಡಿದ್ವಿ ಅಂತೀರಾ ಅಕ್ಕಾ?" ಇಲ್ಲಮ್ಮ, ಆ ವರ್ಷ ಯಾರ ಕೈಯಲ್ಲೂ ಬೇರೆ ದಾರಿ ಇರಲಿಲ್ಲ, ಈಗ ಇದೆ ಅಂದೆ. ಬಹಳ ಹೊತ್ತು ಕಣ್ಣೊರೆಸಿಕೊಂಡರು. ಮುಂದಿನ ವಾರ ಅಜ್ಜಿಯನ್ನು ನೋಡಿಕೊಳ್ಳಲು ದಿನಕ್ಕೆ ಆರು ಗಂಟೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದರು.

ಏಪ್ರಿಲ್ 29ಕ್ಕೆ ಮೂರನೇ ಪತ್ರದ ಕೋರ್ಸಿಗೆ ಮುಂಗಡ ಕಟ್ಟಿದರು. ಸರಕಾರದ ಸಾಮಾನ್ಯ ವಿದ್ಯಾರ್ಥಿ ಸಾಲ ವರ್ಷಕ್ಕೆ 20,500 ಡಾಲರ್ ಸಿಗುತ್ತದೆ, ಅದನ್ನು ತೆಗೆದುಕೊಂಡರು. ಉಳಿದದ್ದಕ್ಕೆ ಸ್ವಲ್ಪ ಅಪ್ಪನ ಉಳಿತಾಯ, ಸ್ವಲ್ಪ ಗ್ರ್ಯಾಡ್ ಪ್ಲಸ್ ಎಂಬ ಸರಕಾರದ ಇನ್ನೊಂದು ಸಾಲ. ಈಗ ಇದೇ ತೀರ್ಮಾನ ಮಾಡುವವರು ಗಮನಿಸಬೇಕು. 2025ರ ಜುಲೈನಲ್ಲಿ ಆದ ಕಾನೂನಿನಿಂದ 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಒಬ್ಬ ವಿದ್ಯಾರ್ಥಿ ಜೀವಮಾನದಲ್ಲಿ ಪಡೆಯಬಹುದಾದ ಸರಕಾರಿ ಸಾಲಕ್ಕೂ 2,57,500 ಡಾಲರ್ ಮಿತಿ ಬಂದಿದೆ. ಡಾಕ್ಟರ್ ಡಿಗ್ರಿಗೆ ಮುಂಚಿನ ಈ ಒಂದು ವರ್ಷಕ್ಕೆ ಮಾಡುವ ಸಾಲ ಆ ಮಿತಿಯನ್ನೂ ತಿನ್ನುತ್ತದೆ. ಇವತ್ತು ಆ ಮೇಜಿನ ಮುಂದೆ ಕೂತಿದ್ದರೆ ನಾನು ದುಡ್ಡಿನ ಮಾತಿಗೆ ಇನ್ನೂ ಜಾಸ್ತಿ ಹೊತ್ತು ಕೊಡುತ್ತಿದ್ದೆ.

ಆ ವರ್ಷ

ಸೇರಿದ ಕೂಡಲೇ ಕೋರ್ಸಿನವರು ಆ ಬೇಸಿಗೆಯಲ್ಲೇ ಅರ್ಜಿಯನ್ನೂ ಹಾಕಿಬಿಡು ಅಂದರು. ಬೇಡ ಅಂದೆ. ಹೊಸ ಅಂಕ ಬರುವುದು ಜನವರಿಗೆ. ಅಷ್ಟರಲ್ಲಿ ಸಂದರ್ಶನದ ಕರೆಗಳು ಬಹುಪಾಲು ಹೋಗಿರುತ್ತವೆ. ಹಳೆಯ 3.24 ಇಟ್ಟುಕೊಂಡು ಎರಡನೇ ಸಲ ಸೋತರೆ, ಮೂರನೇ ಸಲದ ಅರ್ಜಿ ಇನ್ನೂ ಭಾರವಾಗುತ್ತದೆ. ಒಂದು ವರ್ಷ ಓದು, ಓದು ಮಾತ್ರ. ಅರ್ಜಿ 2025ರ ಜೂನ್‌ಗೆ.

ಸೆಪ್ಟೆಂಬರ್‌ನಲ್ಲಿ ಮೊದಲ ಪರೀಕ್ಷೆ. 71 ಬಂತು. ತರಗತಿಯ ಸರಾಸರಿ 82. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಅಳಲಿಲ್ಲ. "ಆಂಟಿ, ನನಗೆ ಆಗಲ್ಲ ಅನ್ಸುತ್ತೆ" ಅಂದಳು ಅಷ್ಟೇ. ಹೇಗೆ ಓದಿದೆ ಅಂತ ಕೇಳಿದೆ. ಪಾಠದ ಸ್ಲೈಡುಗಳನ್ನೆಲ್ಲ ಬಣ್ಣದ ಪೆನ್ನಿನಲ್ಲಿ ಚೆಂದವಾಗಿ ಮತ್ತೆ ಬರೆದಿದ್ದಳು. ಇನ್ನೂರು ಪುಟ! ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಮೊದಲ ಪರೀಕ್ಷೆಗೆ ಹೀಗೇ ಓದುತ್ತಾರೆ. ಬರೆಯುವುದನ್ನು ನಿಲ್ಲಿಸು, ಪ್ರಶ್ನೆಗಳನ್ನು ಬಿಡಿಸು, ತಪ್ಪಾದದ್ದನ್ನು ಮೇಷ್ಟ್ರ ಕೋಣೆಗೆ ಹೋಗಿ ಕೇಳು ಅಂದೆ. ಮಾರನೇ ದಿನದಿಂದ ಮೂವರು ಗೆಳೆಯರ ಜೊತೆ ಬಿಳಿ ಹಲಗೆಯ ಮುಂದೆ ನಿಂತು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳಲು ಶುರುಮಾಡಿದರು. ಎರಡನೇ ಪರೀಕ್ಷೆಯಲ್ಲಿ 84. ಡಿಸೆಂಬರ್ ಹೊತ್ತಿಗೆ 3.58.

ನವೆಂಬರ್‌ನಲ್ಲಿ ಅಜ್ಜಿ ಐದು ದಿನ ಆಸ್ಪತ್ರೆಯಲ್ಲಿದ್ದರು. ಅಮ್ಮ ಮಗಳಿಗೆ ಹೇಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ತಿಳಿಸಿದರು. ಹುಡುಗಿ ಅಮ್ಮನ ಜೊತೆ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಹಾಗೆ ಮುಚ್ಚಿಟ್ಟದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಆ ವಾರ ಅವಳು ಮನೆಗೆ ಬಂದಿದ್ದರೆ ಫಿಸಿಯಾಲಜಿ ಪರೀಕ್ಷೆ ಏನಾಗುತ್ತಿತ್ತು ಗೊತ್ತು. ಆದರೆ ಅಜ್ಜಿಗೆ ಏನಾದರೂ ಆಗಿದ್ದರೆ?

2025ರ ಮೇನಲ್ಲಿ 3.7ರೊಂದಿಗೆ ಮುಗಿಸಿದಳು. ಮುಖ್ಯಸ್ಥೆ ಬರೆದ ಪತ್ರದಲ್ಲಿ ಮೊದಲ ಪರೀಕ್ಷೆಯ 71ರ ಕಥೆಯೂ ಇತ್ತಂತೆ. ಜೂನ್ ಮೊದಲ ವಾರದಲ್ಲೇ ಅರ್ಜಿ ಸಲ್ಲಿಸಿದಳು. ಒಹಾಯೊದ ಸರಕಾರಿ ಕಾಲೇಜುಗಳೆಲ್ಲ ಸೇರಿ 14 ಎಂಡಿ, 10 ಡಿಓ. ಅಜ್ಜಿಯ ವರ್ಷವನ್ನು ಈ ಸಲ ಬರೆದಳು. ದೂರು ಹೇಳಿದ ಹಾಗೆ ಅಲ್ಲ. ನುಂಗಲು ಕಷ್ಟವಾದವರಿಗೆ ರಾಗಿ ಗಂಜಿಯನ್ನು ಎಷ್ಟು ಗಟ್ಟಿ ಮಾಡಬೇಕು ಅಂತ ಕಲಿತದ್ದನ್ನು ಬರೆದಿದ್ದಳು. ಅದನ್ನು ಓದಿ ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ಫಲಿತಾಂಶ ಕಾಯುವ ವರ್ಷ ಒಂದು ಕ್ಲಿನಿಕ್ಕಿನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿ ಕೆಲಸಕ್ಕೆ ಸೇರಿದಳು.

ಐದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಎಸ್‌ಎಂಪಿ ಓದಿದ ಕಾಲೇಜಿನಲ್ಲಿ ಎಂಡಿ ಸೀಟಿಗೆ ವೇಟ್‌ಲಿಸ್ಟ್ ಆಯಿತು. ನವೆಂಬರ್‌ನಲ್ಲಿ ಒಂದು ಡಿಓ ಕಾಲೇಜು ಸೀಟು ಕೊಟ್ಟಿತು. ಅಪ್ಪ ಎಂಡಿಗೆ ಇನ್ನೂ ಕಾಯೋಣ, ಬೇಕಾದರೆ ಇನ್ನೊಂದು ವರ್ಷ ನೋಡೋಣ ಅಂದರು. ಈ ಸಲ ಹುಡುಗಿ ಸುಮ್ಮನಿರಲಿಲ್ಲ. "ಅಪ್ಪಾ, ನಾನು ಕೆಲಸ ಮಾಡೋ ಕ್ಲಿನಿಕ್ಕಲ್ಲಿ ಡಾಕ್ಟರ್ ಡಿಓ. ಪೇಷಂಟ್‌ಗಳು ಯಾರೂ ಅವರ ಬೋರ್ಡ್ ಓದಲ್ಲ" ಅಂದಳು. ಡಿಸೆಂಬರ್‌ನಲ್ಲಿ ಸೀಟಿಗೆ ದುಡ್ಡು ಕಟ್ಟಿದರು.

ತರಗತಿ ಜುಲೈನಲ್ಲಿ ಶುರು. ಬಿಳಿ ಕೋಟು ತೊಡಿಸುವ ಸಮಾರಂಭದ ಸಭಾಂಗಣಕ್ಕೆ ವೀಲ್‌ಚೇರ್ ಹೋಗುತ್ತದಾ, ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದಾ ಅಂತ ಅಮ್ಮ ಈಗಾಗಲೇ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದ್ದಾರೆ. ಸಿಗುತ್ತದಂತೆ.